ಐಸ್ ಅಂಗಳದ ಹಿಂದಿನ ಕೋಣೆ

ಕಳೆದ ತಿಂಗಳು ದುಬೈಯ ಮಿರ್ದಿಫ್‌ನಲ್ಲಿ ನಮ್ಮ ಮನೆ ಹತ್ತಿರದ ಪಾರ್ಲರಿಗೆ ತಲೆಗೆ ಬಣ್ಣ ಹಾಕಿಸಿಕೊಳ್ಳಲು ಹೋಗಿದ್ದೆ. ಯಾವಾಗಲೂ ಹಾಕುವ ಹುಡುಗಿ ರಜೆಯಲ್ಲಿ ಊರಿಗೆ ಹೋಗಿದ್ದಳು. ಬದಲಿಗೆ ಬಂದವಳು ಬೇರೆ ಯಾವುದೋ ಟ್ಯೂಬು ತೆಗೆದು, ಬಟ್ಟಲಿಗೆ ಹಿಂಡಿ, ಬ್ರಶ್ಶಿನಿಂದ ಕಲಸತೊಡಗಿದಳು. ವಾಸನೆ ಮೂಗಿಗೆ ತಾಗಿದ್ದೇ ನಾನು ಕುರ್ಚಿಯಿಂದ ಎದ್ದು, ಕೊರಳಿಗೆ ಕಟ್ಟಿದ್ದ ಕಪ್ಪು ಬಟ್ಟೆಯ ಸಮೇತ ಹೊರಗೆ ಫುಟ್‌ಪಾತಿನಲ್ಲಿ ಬಂದು ನಿಂತಿದ್ದೆ. ಹೇಗೆ ಬಂದೆ ಅಂತ ನನಗೇ ತಿಳಿಯಲಿಲ್ಲ. ಆ ಹುಡುಗಿ ಗಾಬರಿಯಾಗಿ ಹಿಂದೆಯೇ ಓಡಿಬಂದು, ಏನಾಯಿತು ಮ್ಯಾಮ್, ಅಲರ್ಜಿಯಾ ಅಂತ ಕೇಳಿದಳು. ಹೌದು, ಅಲರ್ಜಿ ಅಂದೆ. ಇಪ್ಪತ್ತು ವರ್ಷ ನರ್ಸಾಗಿ ಕೆಲಸ ಮಾಡಿದವಳಿಗೆ ಅದು ಅಲರ್ಜಿಯಲ್ಲ ಅಂತ ಗೊತ್ತಿತ್ತು. ಅದು ಅಮೋನಿಯಾ. ಒಂದು ಬೇಸಿಗೆಯಿಡೀ ನಾನು ಆ ವಾಸನೆಯನ್ನು ನನ್ನ ಗಂಡನ ಅಂಗಿಯಲ್ಲಿ ಮೂಸುತ್ತ ಕಳೆದಿದ್ದೆ.

ಆಗ ನಾವಿದ್ದದ್ದು ಡಿಸ್ಕವರಿ ಗಾರ್ಡನ್ಸ್‌ನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ. ನಾನು, ಫೆಲಿಕ್ಸ್, ಮಗಳು ರಿಯಾ. ರಿಯಾಳಿಗೆ ಹದಿನಾಲ್ಕು. ನಾನು ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಫೆಲಿಕ್ಸ್ ಸ್ಕೇಟಿಂಗ್ ಆಡುವ ಐಸ್ ರಿಂಕ್ ಒಂದರಲ್ಲಿ ಪ್ಲ್ಯಾಂಟ್ ಆಪರೇಟರ್. ಅಂದರೆ ಹೊರಗೆ ನಲವತ್ತೈದು ಡಿಗ್ರಿ ಬಿಸಿಲು ಸುರಿಯುವಾಗ ಒಳಗೆ ನೆಲವನ್ನು ಹೆಪ್ಪುಗಟ್ಟಿಸಿ ಇಡುವ ಯಂತ್ರಗಳನ್ನು ನೋಡಿಕೊಳ್ಳುವವನು. ಅವನ ಜೊತೆ ಪಾಳಿ ಬದಲಾಯಿಸುತ್ತಿದ್ದವನು ಇಕ್ಬಾಲ್, ಉಳ್ಳಾಲದ ಬ್ಯಾರಿ ಹುಡುಗ. ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಹೆಂಡತಿ ಊರಿನಲ್ಲಿ ಬಸುರಿ. ತಿಂಗಳಿಗೊಂದು ಭಾನುವಾರ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದ.

ಈ ಕೆಲಸ ಫೆಲಿಕ್ಸ್‌ಗೆ ಎಷ್ಟು ಮುಖ್ಯವಾಗಿತ್ತು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದಕ್ಕಿಂತ ಮೊದಲು ಅವನು ಒಂದು ಹೋಟೆಲಿನ ಮೇಂಟೆನೆನ್ಸಿನಲ್ಲಿದ್ದ. ಹೋಟೆಲು ಕೈ ಬದಲಾಯಿತು, ಅವನ ಕೆಲಸ ಹೋಯಿತು. ಏಳು ತಿಂಗಳು ಮನೆಯಲ್ಲಿ ಕೂತ. ಕೂತ ಅನ್ನುವುದೂ ಸರಿಯಲ್ಲ. ಅಕ್ಕಪಕ್ಕದವರಿಗೆ ಗೊತ್ತಾಗಬಾರದು ಅಂತ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಟಿಫಿನ್ ಹಿಡಿದು ಲಿಫ್ಟ್ ಇಳಿಯುತ್ತಿದ್ದ. ಮೆಟ್ರೋದಲ್ಲಿ ಆ ತುದಿಯಿಂದ ಈ ತುದಿಗೆ ಹೋಗಿ ಬರುತ್ತಿದ್ದ. ಒಮ್ಮೆ ನನ್ನ ಕ್ಲಿನಿಕ್ಕಿನ ಒಬ್ಬಳು ಅವನನ್ನು ಒಂದೇ ದಿನ ಎರಡು ಸಲ ಎದುರುಬದುರಾಗಿ ನೋಡಿ, ನಿನ್ನ ಗಂಡನಿಗೆ ಏನು ಕೆಲಸ ಅಂತ ಕೇಳಿದ್ದಳು. ರಿಂಕಿನ ಕೆಲಸ ಸಿಕ್ಕಿದ ಮೇಲೆ ಅವನು ಮತ್ತೆ ಮನುಷ್ಯನಾದ. ಆದರೆ ಮೊದಲಿನ ಮನುಷ್ಯ ಅಲ್ಲ. ಮೇಲಿನವರ ಫೋನು ಬಂದರೆ ಎದ್ದು ನಿಂತೇ ಮಾತಾಡುತ್ತಿದ್ದ.

ಆ ವರ್ಷದ ಬೇಸಿಗೆಯ ಮೊದಲಲ್ಲಿ ಅವನು ಖುಷಿಯಿಂದ ಒಂದು ಸುದ್ದಿ ತಂದ. ಅಕ್ಟೋಬರಿನಲ್ಲಿ ಅವರ ರಿಂಕಿನಲ್ಲಿ ಕರ್ಲಿಂಗ್ ಅನ್ನುವ ಆಟದ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್. ಗಂಡಸರದ್ದೂ ಹೆಂಗಸರದ್ದೂ ಬೇರೆ ಬೇರೆ ರಾಷ್ಟ್ರೀಯ ತಂಡಗಳು, ಒಂಬತ್ತು ದಿನ. ಕರ್ಲಿಂಗ್ ಅಂದರೆ ಏನು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ರಿಯಾ ಫೋನಿನಲ್ಲಿ ತೋರಿಸಿದಳು. ಹಿಡಿ ಇರುವ ದೊಡ್ಡ ಗ್ರಾನೈಟ್ ಕಲ್ಲನ್ನು ಒಬ್ಬರು ಐಸಿನ ಮೇಲೆ ಜಾರಿಸಿ ಬಿಡುತ್ತಾರೆ, ಇಬ್ಬರು ಅದರ ಮುಂದೆ ಬ್ರಶ್ಶಿನಿಂದ ತಿಕ್ಕುತ್ತ ಓಡುತ್ತಾರೆ, ಕಲ್ಲು ದೂರದ ಬಣ್ಣದ ವೃತ್ತದೊಳಗೆ ಹೋಗಿ ನಿಲ್ಲಬೇಕು. ಮನೆ ಗುಡಿಸುವುದಕ್ಕೂ ಪದಕ ಕೊಡ್ತಾರಾ ಅಂತ ನಾನು ನಕ್ಕೆ. ಫೆಲಿಕ್ಸ್ ನಗಲಿಲ್ಲ. ಸ್ಕೇಟಿಂಗಿನ ಐಸು ಹೇಗಿದ್ದರೂ ನಡೆಯುತ್ತದೆ, ಈ ಆಟಕ್ಕೆ ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಕಲ್ಲಿನ ದಾರಿ ತಪ್ಪುತ್ತದೆ, ಯಂತ್ರ ಒಂದು ಗಂಟೆಯೂ ನಿಲ್ಲುವ ಹಾಗಿಲ್ಲ ಅಂತ ವಿವರಿಸಿದ. ಚಾಂಪಿಯನ್‌ಶಿಪ್ ಚೆನ್ನಾಗಿ ಆದರೆ ಅವನನ್ನು ಸೂಪರ್‌ವೈಸರ್ ಮಾಡುವುದಾಗಿ ಅವನ ಮೇಲಿನ ಎಂಜಿನಿಯರ್ ಹೇಳಿದ್ದನಂತೆ.

ಆಗಸ್ಟಿನಲ್ಲಿ ವಾಸನೆ ಶುರುವಾಯಿತು. ಆ ತಿಂಗಳು ಇಲ್ಲಿ ಗಾಳಿಯೇ ಒದ್ದೆ. ಕಟ್ಟಡದ ಬಾಗಿಲು ದಾಟಿದರೆ ಕನ್ನಡಕಕ್ಕೆ ಹಬೆ ಕೂರುತ್ತದೆ, ಬಟ್ಟೆ ಮೈಗೆ ಅಂಟುತ್ತದೆ. ಬೆವರಿನ ವಾಸನೆಯ ಜೊತೆ ಫೆಲಿಕ್ಸ್‌ನ ಯೂನಿಫಾರಮ್ಮಿನಲ್ಲಿ ಇನ್ನೊಂದು ವಾಸನೆ ಇತ್ತು. ಮೂಗಿನ ಒಳಗೆ ಸೂಜಿ ಚುಚ್ಚಿದ ಹಾಗೆ. ವಾಷಿಂಗ್ ಮೆಷಿನ್ನಿಗೆ ಹಾಕುವಾಗ ನಾನು ಕಾಲರನ್ನು ಮೂಸಿ ನೋಡಿದೆ. ಕೇಳಿದ್ದಕ್ಕೆ, ಪ್ಲ್ಯಾಂಟ್ ರೂಮಿನಲ್ಲಿ ಸ್ವಲ್ಪ ಅಮೋನಿಯಾ ಯಾವಾಗಲೂ ಇರುತ್ತದೆ, ಅದರಿಂದಲೇ ಅಲ್ಲವಾ ತಂಪು ಅಂದ. ಒಂದು ವಾರದಲ್ಲಿ ಅವನಿಗೆ ಒಣಕೆಮ್ಮು ಹಿಡಿಯಿತು. ಬೆಳಿಗ್ಗೆ ಕಣ್ಣು ಕೆಂಪಗಿರುತ್ತಿತ್ತು. ಏಸಿಯ ಗಾಳಿಗೆ ಅಂದ.

ನನಗೆ ಅಮೋನಿಯಾ ಗೊತ್ತು. ದುಬೈಗೆ ಬಂದ ಹೊಸತರಲ್ಲಿ ನಾನು ದೇರಾ ಕಡೆಯ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿದ್ದೆ. ಒಂದು ಮಧ್ಯಾಹ್ನ ನೈಫ್ ಹತ್ತಿರದ ಯಾವುದೋ ಮೀನಿನ ಗೋದಾಮಿನಿಂದ ಒಬ್ಬನನ್ನು ಪಿಕಪ್ಪಿನ ಹಿಂದೆ ಮಲಗಿಸಿಕೊಂಡು ತಂದರು. ಪೈಪು ಒಡೆದಿತ್ತಂತೆ. ಅವನ ಕಣ್ಣುಗಳು ಬೆಂದ ಮೀನಿನ ಕಣ್ಣಿನ ಹಾಗೆ ಬೆಳ್ಳಗಾಗಿದ್ದವು. ಗಂಟಲು ಊದಿ ಮಾತು ನಿಂತಿತ್ತು, ಕೈಯಿಂದ ಮಾತ್ರ ಏನೋ ಹೇಳುತ್ತಿದ್ದ. ಆ ಕೈಯನ್ನು ಹಿಡಿದುಕೊಂಡಿದ್ದವಳು ನಾನು. ಸಂಜೆಗೆ ಅದು ನಿಂತುಹೋಯಿತು. ಅವನ ಹೆಸರು ನೆನಪಿಲ್ಲ, ಆ ಕೈ ನೆನಪಿದೆ. ಫೆಲಿಕ್ಸ್ ಕೆಮ್ಮಿದಾಗಲೆಲ್ಲ ನಾನು ಅಡುಗೆ ಮಾಡುತ್ತಿದ್ದರೆ ಸೌಟು ಹಿಡಿದೇ ನಿಂತುಬಿಡುತ್ತಿದ್ದೆ, ಕೆಮ್ಮು ನಿಲ್ಲುವವರೆಗೆ.

ಸೆಪ್ಟೆಂಬರಿನ ಒಂದು ಭಾನುವಾರ ಇಕ್ಬಾಲ್ ಊಟಕ್ಕೆ ಬಂದ. ಬಂಗುಡೆ ಪುಳಿಮುಂಚಿ ಮಾಡಿದ್ದೆ. ಅವನೂ ಕೆಮ್ಮುತ್ತಿದ್ದ. ಫೆಲಿಕ್ಸ್ ಕೈ ತೊಳೆಯಲು ಎದ್ದಾಗ ನಾನು ಮೆಲ್ಲಗೆ, ಅಲ್ಲಿ ಎಂತ ಆಗಿದೆ ಅಂತ ಕೇಳಿದೆ. ಫೆಲಿಕ್ಸ್ ನನಗೆ ಹೇಳಿರಬಹುದು ಅಂದುಕೊಂಡಿದ್ದನೋ ಏನೋ, ಇಕ್ಬಾಲ್ ಸಹಜವಾಗಿ ಹೇಳಿಬಿಟ್ಟ.

"ದೊಡ್ಡ ಕಂಪ್ರೆಸರಿನ ಸೀಲು ಹೋಗಿದೆ ಅಕ್ಕ. ಅಲ್ಲಿಂದ ಗ್ಯಾಸು ಬರ್ತಾ ಉಂಟು. ಅಲಾರಂ ಬಡಕೊಂಡೇ ಇರ್ತದೆ ಅಂತ ಎಂಜಿನಿಯರು ಅದರ ವೈರು ತೆಗೆಸಿದ್ದಾರೆ. ಆಟ ಮುಗಿದ ಮೇಲೆ ರಿಪೇರಿ ಅಂತೆ."

ಬಚ್ಚಲಿನಿಂದ ಬಂದ ಫೆಲಿಕ್ಸ್ ಬಾಗಿಲಲ್ಲೇ ನಿಂತಿದ್ದ. ಇಕ್ಬಾಲ್ ತಟ್ಟೆ ನೋಡುತ್ತ ಕೂತ. ಆ ದಿನ ಮೀನು ಉಳಿಯಿತು.

ಅವನು ಹೋದ ಮೇಲೆ ಎಲ್ಲವೂ ಹೊರಗೆ ಬಂತು. ಎರಡು ಕಂಪ್ರೆಸರುಗಳಲ್ಲಿ ಚಿಕ್ಕದು ಮೊದಲೇ ಕೆಟ್ಟು ಬಿಚ್ಚಿಟ್ಟಿತ್ತು. ದೊಡ್ಡದನ್ನು ನಿಲ್ಲಿಸಿದರೆ ಐಸು ಕರಗುತ್ತದೆ. ಹೊಸ ಐಸು ಕಟ್ಟಿ ಆಟಕ್ಕೆ ಹದ ಮಾಡುವುದಕ್ಕೆ ಆಗಲೇ ವಿದೇಶದಿಂದ ಜನ ಬಂದಿದ್ದರು. ಅದಕ್ಕಾಗಿ ಎಂಜಿನಿಯರ್ ಸುಮ್ಮನಿದ್ದ, ಇವರನ್ನೂ ಸುಮ್ಮನಿರಿಸಿದ್ದ. ಅದೆಲ್ಲಕ್ಕಿಂತ ನಾನು ಹೆಚ್ಚು ಹೆದರಿದ್ದು ಇನ್ನೊಂದು ಮಾತಿಗೆ. ಪ್ರತಿ ಪಾಳಿಯಲ್ಲೂ ಒಂದು ಹಾಳೆ ತುಂಬಿಸಬೇಕು: ಸೋರಿಕೆ ಇಲ್ಲ, ಅಲಾರಂ ಸರಿಯಾಗಿದೆ. ಕೆಳಗೆ ಸಹಿ. ಆಗಸ್ಟಿನಿಂದ ಆ ಹಾಳೆಗಳಿಗೆ ಒಂದು ಪಾಳಿಯಲ್ಲಿ ಫೆಲಿಕ್ಸ್, ಇನ್ನೊಂದರಲ್ಲಿ ಇಕ್ಬಾಲ್ ಸಹಿ ಹಾಕುತ್ತ ಬಂದಿದ್ದರು.

ಏನಾದರೂ ಆದರೆ ಜೈಲಿಗೆ ಹೋಗುವವನು ನೀನು ಅಂದೆ. ಏನೂ ಆಗುವುದಿಲ್ಲ ಅಂದ. ಹೇಳಿದರೆ ಮಾತ್ರ ಆಗುವುದು, ನಾಳೆಯೇ ಕೆಲಸ ಖಲಾಸ್, ರಿಯಾಳ ವೀಸಾ ಇರುವುದು ನನ್ನ ಹೆಸರಿನಲ್ಲಿ, ಹತ್ತನೇ ಕ್ಲಾಸಿಗೆ ಅವಳನ್ನು ಊರಿಗೆ ಕಳಿಸುತ್ತೀಯಾ ಅಂತ ಕೇಳಿದ. ಅವನ ದನಿ ಜೋರಾಗಲಿಲ್ಲ. ಜೋರಾಗಿದ್ದರೆ ನಾನೂ ಜಗಳ ಮಾಡುತ್ತಿದ್ದೆ. ಅವನು ಬೇಡುತ್ತಿದ್ದ. ಯಾರಿಗೂ ಹೇಳುವುದಿಲ್ಲ ಅಂತ ನನ್ನಿಂದ ಮಾತು ತೆಗೆದುಕೊಂಡ. ಕೊಟ್ಟೆ.

ಅಲ್ಲಿಂದ ಮುಂದೆ ನಾನು ಎರಡು ಭಯಗಳ ನಡುವೆ ಬದುಕಿದೆ. ಕ್ಲಿನಿಕ್ಕಿನಲ್ಲಿ ಆ್ಯಂಬುಲೆನ್ಸಿನ ಸದ್ದು ಕೇಳಿದರೆ ಫೆಲಿಕ್ಸ್‌ಗೆ ಫೋನು ಮಾಡುತ್ತಿದ್ದೆ. ಅವನು ಎತ್ತಿದರೆ, ಸಂಜೆ ಹಾಲು ತಾ ಅಂತ ಏನಾದರೂ ಹೇಳುತ್ತಿದ್ದೆ. ನಮ್ಮ ಫ್ರಿಜ್ಜಿನಲ್ಲಿ ಆ ತಿಂಗಳು ಹಾಲು ತುಂಬಿಹೋಗಿತ್ತು. ಇನ್ನೊಂದು ಕಡೆ, ಎಂಜಿನಿಯರನ ಹೆಸರು ಫೆಲಿಕ್ಸ್‌ನ ಫೋನಿನಲ್ಲಿ ಮೂಡಿದರೆ, ಕೆಲಸ ಹೋಯಿತು ಅಂದುಕೊಳ್ಳುತ್ತಿದ್ದೆ. ಜೆಬೆಲ್ ಅಲಿಯ ಇಗರ್ಜಿಯಲ್ಲಿ ಮೊಣಕಾಲೂರಿ, ಆ ಒಂಬತ್ತು ದಿನ ಒಂದು ಸಲ ದಾಟಿಸಿಬಿಡು ದೇವರೇ ಅಂತ ಕೇಳಿಕೊಂಡೆ. ದೇವರು ಅದನ್ನು ಬೇರೆ ತರ ಅರ್ಥ ಮಾಡಿಕೊಂಡಿರಬೇಕು. ಮರುವಾರ ನಮ್ಮ ಕ್ಲಿನಿಕ್ಕಿಗೆ ಚಾಂಪಿಯನ್‌ಶಿಪ್ಪಿನ ಫಸ್ಟ್ ಏಯ್ಡ್ ನೋಡಿಕೊಳ್ಳುವ ಕೆಲಸ ಬಂತು. ಇಬ್ಬರು ನರ್ಸುಗಳಲ್ಲಿ ಒಬ್ಬಳು ನಾನು.

ಶನಿವಾರ ಆಟ ಶುರುವಾಯಿತು. ಹೊರಗೆ ಇನ್ನೂ ಸೆಕೆ. ಒಳಗೆ ಹೋಗಲು ಎರಡು ಜೊತೆ ಬಾಗಿಲು. ಒಂದು ಮುಚ್ಚದೆ ಇನ್ನೊಂದು ತೆರೆಯಬಾರದು, ಒದ್ದೆ ಗಾಳಿ ಒಳಗೆ ನುಗ್ಗಿದರೆ ಐಸಿನ ಮೇಲೆ ಮಂಜು ಕೂರುತ್ತದೆ ಅಂತ ಕಾವಲಿಗೆ ಒಬ್ಬನನ್ನು ನಿಲ್ಲಿಸಿದ್ದರು. ನಮ್ಮ ಮೇಜು ಐಸಿನ ಒಂದು ಬದಿಗೆ. ಸ್ವೆಟರಿನ ಮೇಲೆ ಜಾಕೆಟ್ ಹಾಕಿಕೊಂಡು ಕೂತಿದ್ದೆ. ನನ್ನ ಬೆನ್ನ ಹಿಂದಿನ ಗೋಡೆಯಾಚೆ ಆಟಗಾರರ ಓಣಿ, ಓಣಿಯ ಕೊನೆಗೆ ಕಬ್ಬಿಣದ ಬಾಗಿಲು, ಅದರ ಹಿಂದೆ ಪ್ಲ್ಯಾಂಟ್ ರೂಮು. ಎಲ್ಲರೂ ಐಸಿನ ಕಡೆ ನೋಡುತ್ತಿದ್ದರೆ ನನ್ನ ಗಮನ ಪೂರ್ತಿ ಬೆನ್ನಿನಲ್ಲಿತ್ತು.

ಆದರೂ ಆಟ ನೋಡಿದೆ, ನೋಡದೆ ಇರಲು ಆಗುವುದಿಲ್ಲ. ಕಲ್ಲು ಹೊರಟಾಗ ಒಂದು ಗುಡುಗುಡು ಸದ್ದು ಬರುತ್ತದೆ, ದೂರದ ಗುಡುಗಿನಂಥದ್ದು. ಆ ತುದಿಯಲ್ಲಿ ನಿಂತ ನಾಯಕಿ ಕಂಠ ಹರಿಯುವ ಹಾಗೆ ಕೂಗಿ ಹೇಳುತ್ತಾಳೆ, ತಿಕ್ಕುವವರು ಮೈಯೆಲ್ಲ ಹಾಕಿ ತಿಕ್ಕುತ್ತಾರೆ. ಒಮ್ಮೆಲೇ ಎಲ್ಲರೂ ಸುಮ್ಮನಾಗುತ್ತಾರೆ, ಕಲ್ಲು ತಾನಾಗಿ ಬಾಗಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ. ಆ ಮೌನದಲ್ಲಿ ನಾನು ಉಸಿರೆಳೆದು ಗಾಳಿ ಮೂಸುತ್ತಿದ್ದೆ.

ಎರಡನೇ ದಿನ ಐಲೀನ್ ನಮ್ಮ ಮೇಜಿಗೆ ಬಂದರು. ಐಸಿನ ಮುಖ್ಯಸ್ಥೆ, ಸ್ಕಾಟ್ಲೆಂಡಿನವರು, ಅರವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಬೆನ್ನಿಗೆ ಬಿಸಿನೀರಿನ ಡಬ್ಬಿ ಕಟ್ಟಿಕೊಂಡು ಹಿಂದೆ ಹಿಂದೆ ನಡೆಯುತ್ತ ಐಸಿನ ಮೇಲೆ ಹನಿ ಚಿಮುಕಿಸುವುದು ಅವರ ಕೆಲಸ. ಹನಿ ಹೆಪ್ಪುಗಟ್ಟಿ ಐಸು ಮುಳ್ಳೆದ್ದ ಚರ್ಮದ ಹಾಗೆ ಆಗುತ್ತದೆ, ಕಲ್ಲು ಜಾರುವುದು ಅದರ ಮೇಲೆ. ಬಿಸಿನೀರು ಚೆಲ್ಲಿ ಮಣಿಕಟ್ಟು ಸುಟ್ಟುಕೊಂಡಿದ್ದರು. ಔಷಧ ಹಚ್ಚುವಾಗ, ನಿಮ್ಮ ಕೈ ಯಾಕೆ ಇಷ್ಟು ನಡುಗುತ್ತಿದೆ ಅಂತ ಕೇಳಿದರು. ಚಳಿ ಅಂದೆ. ಮರುದಿನ ಬಂದು ನನಗೊಂದು ಜೊತೆ ಉಣ್ಣೆಯ ಕೈಗವಸು ಕೊಟ್ಟು ಹೋದರು. ಅದನ್ನು ಹಾಕಿಕೊಂಡು ಕೂತಾಗ ನನಗೆ ನಾಚಿಕೆಯಾಯಿತು.

ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಫೆಲಿಕ್ಸ್ ಬೂಟಿನ ಲೇಸು ಕಟ್ಟುತ್ತ ಕೂತಿದ್ದ. ರಿಯಾ ಸ್ನಾನಕ್ಕೆ ಹೋಗಿದ್ದಳು. ಖಾಲಿ ಕುರ್ಚಿಗಳನ್ನು ತುಂಬಿಸಲು ಸಂಘಟಕರು ಮರುದಿನ ಶಾಲೆಗಳಿಂದ ಮಕ್ಕಳನ್ನು ಕರೆಸುತ್ತಿದ್ದರು, ರಿಯಾಳ ಕ್ಲಾಸೂ ಹೋಗುವುದಿತ್ತು. ಅಪ್ಪ ಕೆಲಸ ಮಾಡುವ ಜಾಗ ಅಂತ ಗೆಳತಿಯರ ಮುಂದೆ ಅವಳಿಗೆ ಸಂಭ್ರಮ.

"ನಾಳೆ ರಿಯಾಳನ್ನು ಕಳಿಸಬೇಡ," ಅಂದ ಫೆಲಿಕ್ಸ್. ಲೇಸಿನಿಂದ ಮುಖ ಎತ್ತಲಿಲ್ಲ. "ಜ್ವರ ಅಂತ ಶಾಲೆಗೆ ಬರೆದುಕೊಡು."

ಏನೂ ಆಗುವುದಿಲ್ಲ ಅಂದಿದ್ದೆಯಲ್ಲ ಅಂತ ಕೇಳಿದೆ.

"ಎರಡು ದಿನದಿಂದ ಹೆಚ್ಚಾಗಿದೆ."

ಬೇರೆ ಮಕ್ಕಳು ಅಂತ ನಾನು ಬಾಯಿ ತೆರೆದೆ. ಬಚ್ಚಲಿನ ಬಾಗಿಲು ತೆರೆಯಿತು, ಅವನು ಎದ್ದು ಹೋದ. ಅವನು ಹೆದರಿರಲಾರ ಅನ್ನುವ ಒಂದು ನಂಬಿಕೆಯನ್ನು ಹಿಡಿದುಕೊಂಡು ನಾನು ಅಷ್ಟು ದಿನ ನಿಂತಿದ್ದೆ. ಅವನು ಯಂತ್ರ ಬಲ್ಲವನು, ಅಪಾಯ ಇದ್ದರೆ ಅವನಿಗೆ ಗೊತ್ತಾಗುತ್ತದೆ ಅಂತ. ಈಗ ಗೊತ್ತಾಗಿತ್ತು.

ಬುಧವಾರ ಬೆಳಿಗ್ಗೆ ನಾನು ರಿಯಾಳ ಹಣೆ ಮುಟ್ಟಿ, ಮೈ ಬಿಸಿ ಇದೆ, ಇವತ್ತು ಬೇಡ ಅಂದೆ. ಅವಳು ಅತ್ತಳು, ನನಗೆ ಏನೂ ಆಗಿಲ್ಲ ಮಮ್ಮಾ ಅಂತ ಕೂಗಾಡಿದಳು. ನಿಧಿ ನನಗಾಗಿ ಪಕ್ಕದ ಸೀಟು ಹಿಡಿದಿಡುತ್ತಾಳೆ ಅಂದಳು. ನಿಧಿ ಅವಳ ಜೀವದ ಗೆಳತಿ, ನಮ್ಮದೇ ಕಟ್ಟಡದ ಮೂರನೇ ಮಹಡಿಯವಳು. ನಾನು ಶಾಲೆಗೆ ಮೆಸೇಜು ಕಳಿಸಿ, ಬಾಗಿಲು ಎಳೆದುಕೊಂಡು ಹೊರಟೆ. ಕೆಳಗೆ ಬಸ್ಸಿಗೆ ಕಾಯುತ್ತಿದ್ದ ನಿಧಿ ನನ್ನನ್ನು ನೋಡಿ, ಆಂಟಿ, ರಿಯಾ ಎಲ್ಲಿ ಅಂತ ಕೇಳಿದಳು. ಕೈಯಲ್ಲಿ ಬಣ್ಣದ ಕಾಗದದ ಬಾವುಟ. ಜ್ವರ ಅಂದೆ. ಅವಳ ಹೆಗಲು ತಟ್ಟಿದೆ. ತಟ್ಟಿ, ಟ್ಯಾಕ್ಸಿ ಹತ್ತಿದೆ.

ಹತ್ತು ಗಂಟೆಯ ಹೊತ್ತಿಗೆ ಮಕ್ಕಳು ಬಂದರು. ಸಾಲಾಗಿ, ಇಬ್ಬಿಬ್ಬರು ಕೈ ಹಿಡಿದುಕೊಂಡು, ಚಳಿಗೆ ಹಲ್ಲು ಕಟಕಟಿಸುತ್ತ ನಗುತ್ತ. ಹೆಂಗಸರ ಪಂದ್ಯ ನಡೆಯುತ್ತಿತ್ತು. ನಿಧಿ ನಮ್ಮ ಮೇಜಿಗೆ ಎದುರಿನ ಸಾಲಿನಲ್ಲಿ ಕೂತು ನನಗೆ ಬಾವುಟ ಬೀಸಿದಳು. ನಾನು ಕೈ ಎತ್ತಿದೆ. ಹನ್ನೊಂದರ ಆಸುಪಾಸಿನಲ್ಲಿ ಹಿಂದಿನ ಓಣಿಯಿಂದ ಇಕ್ಬಾಲ್ ಬಂದ. ಆಟದ ದಿನಗಳಲ್ಲಿ ಅವನಿಗೂ ಫೆಲಿಕ್ಸ್‌ಗೂ ಹಗಲು ಒಟ್ಟಿಗೇ ಕೆಲಸ. ಎರಡೂ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಮಾತಾಡಲು ಹೋದರೆ ಕೆಮ್ಮು. ನಾನು ಅವನನ್ನು ಕೂರಿಸಿ ಸಲೈನ್ ಬಾಟಲಿ ತೆರೆದು ಕಣ್ಣು ತೊಳೆಯತೊಡಗಿದೆ. ಅವನ ಅಂಗಿಯಿಂದ ಏಳುತ್ತಿದ್ದ ವಾಸನೆಗೆ ನನ್ನ ಕಣ್ಣಿನಲ್ಲೂ ನೀರು ಬಂತು.

"ಫೆಲಿಕ್ಸಣ್ಣ ಒಳಗೇ ಇದ್ದಾರೆ," ಅಂದ. "ಎಂಜಿನಿಯರಿಗೆ ಫೋನು ಮಾಡಿದೆವು. ಫ್ಯಾನು ಜೋರಾಗಿ ಹಾಕಿ, ಮಧ್ಯಾಹ್ನದವರೆಗೆ ಸುಧಾರಿಸಿ ಅಂತಾರೆ."

ಬಾಟಲಿಯನ್ನು ಜೊತೆಯ ನರ್ಸಿನ ಕೈಗೆ ಕೊಟ್ಟು ನಾನು ಎದ್ದೆ. ಯೋಚನೆ ಮಾಡಿ ಎದ್ದೆ ಅಂತ ಹೇಳಲಾರೆ. ಐಸಿನ ಅಂಚಿನಲ್ಲಿ ಐಲೀನ್ ನಿಂತಿದ್ದರು. ಹತ್ತಿಪ್ಪತ್ತು ಹೆಜ್ಜೆ ಇರಬಹುದು. ಅಷ್ಟು ನಡೆಯುವಷ್ಟರಲ್ಲಿ ಕಾಲು ಎರಡು ಸಲ ನಿಂತಿತು. ಫೆಲಿಕ್ಸ್‌ಗೆ ಕೊಟ್ಟ ಮಾತು ನೆನಪಾಯಿತು, ಆ ಸಹಿಗಳು ನೆನಪಾದವು. ಅವರ ಮುಂದೆ ನಿಂತು ನನಗೆ ಗೊತ್ತಿರುವ ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೇಳಿದೆ. ಹಿಂದಿನ ರೂಮಿನಲ್ಲಿ ಅಮೋನಿಯಾ ಸೋರುತ್ತಿದೆ. ಅಲಾರಂ ತೆಗೆದಿಟ್ಟಿದ್ದಾರೆ. ನನ್ನ ಗಂಡ ಅಲ್ಲೇ ಕೆಲಸ ಮಾಡುವವನು, ಈಗಲೂ ಒಳಗಿದ್ದಾನೆ.

ಐಲೀನ್ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ದಿನದಿಂದ ಅಂತ.

ಆಗಸ್ಟಿನಿಂದ ಅಂದೆ.

ಅವರು ನನ್ನ ಮುಖವನ್ನು ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಆಮೇಲೆ ವಾಕಿಟಾಕಿ ಬಾಯಿಗೆ ಹಿಡಿದು, ಯಾವ ಎಂಜಿನಿಯರನ್ನೂ ಕೇಳದೆ, ಆಟ ನಿಲ್ಲಿಸಿ, ಎಲ್ಲರನ್ನೂ ಮುಂದಿನ ಬಾಗಿಲಿನಿಂದ ಹೊರಗೆ ಕಳಿಸಿ ಅಂತ ಎರಡು ಸಲ ಹೇಳಿದರು.

ಯಾರೂ ಕಿರುಚಲಿಲ್ಲ. ಮೈಕಿನಲ್ಲಿ ಯಂತ್ರದ ಸಣ್ಣ ತೊಂದರೆ ಅಂತ ಹೇಳಿದರು. ಟೀಚರುಗಳು ಮಕ್ಕಳನ್ನು ಎಬ್ಬಿಸಿದರು. ಆಗಷ್ಟೇ ಯಾರೋ ಬಿಟ್ಟಿದ್ದ ಒಂದು ಕಲ್ಲು ಐಸಿನ ಮೇಲೆ ಹೋಗುತ್ತಿತ್ತು. ಅದರ ಮುಂದೆ ತಿಕ್ಕುವವರಿರಲಿಲ್ಲ, ಆಟಗಾರ್ತಿಯರು ಬ್ರಶ್ಶು ಕೈಯಲ್ಲಿ ಹಿಡಿದು ಬಾಗಿಲಿನ ಕಡೆ ನಡೆಯುತ್ತಿದ್ದರು. ಮಕ್ಕಳೆಲ್ಲ ದಾಟುವವರೆಗೆ ನಾನು ಬಾಗಿಲಲ್ಲಿ ನಿಂತಿದ್ದೆ. ನಿಧಿ ಹೋಗುವಾಗ, ಈಗ ಯಾರು ಗೆದ್ದಂತೆ ಆಂಟಿ ಅಂತ ಕೇಳಿದಳು.

ಪಾರ್ಕಿಂಗಿನಲ್ಲಿ ಬಿಸಿಲು. ಉಣ್ಣೆ ಟೊಪ್ಪಿ, ದಪ್ಪ ಜಾಕೆಟ್ಟಿನ ಆಟಗಾರರು ಬೆವರು ಒರೆಸಿಕೊಳ್ಳುತ್ತ ಕಾರುಗಳ ನೆರಳಿನಲ್ಲಿ ಕೂತರು. ಮಕ್ಕಳಿಗೆ ಅದೂ ಪಿಕ್ನಿಕ್ಕು. ನಾನು ಕಟ್ಟಡವನ್ನು ಸುತ್ತುಹಾಕಿ ಹಿಂದಿನ ಬಾಗಿಲಿಗೆ ಓಡಿದೆ. ಅಲ್ಲಿ ಮೂವತ್ತು ಹೆಜ್ಜೆ ದೂರದಲ್ಲೇ ಮೂಗು ಉರಿಯಿತು, ಸೆಕ್ಯೂರಿಟಿಯವನು ಅಡ್ಡ ನಿಂತ. ಇಕ್ಬಾಲ್ ನನ್ನ ಹಿಂದೆಯೇ ಬಂದಿದ್ದ. ಫೆಲಿಕ್ಸಣ್ಣ ಮೇನ್ ವಾಲ್ವು ಮುಚ್ಚಲು ನಿಂತಿದ್ದಾರೆ, ಅದು ಮುಚ್ಚದೆ ಬಂದರೆ ಎಲ್ಲ ಗ್ಯಾಸೂ ಹೊರಗೆ ಬರ್ತದೆ ಅಂದ. ಮುಖವಾಡ ಇದೆಯಾ ಕೇಳಿದೆ. ಇದೆ ಅಂದ. ಅದರ ಫಿಲ್ಟರು ಹಳೆಯದು ಅಂತ ಆಮೇಲೆ ಹೇಳಿದ.

ಎಷ್ಟು ಹೊತ್ತು ನಿಂತಿದ್ದೆನೋ. ಇಪ್ಪತ್ತು ನಿಮಿಷ ಅಂತ ಆಮೇಲೆ ಗೊತ್ತಾಯಿತು. ಜಪಮಾಲೆಯ ಒಂದು ಪ್ರಾರ್ಥನೆಯೂ ಪೂರ್ತಿ ನೆನಪಾಗಲಿಲ್ಲ. ಮೀನಿನ ಗೋದಾಮಿನ ಆ ಕೈ ಮಾತ್ರ ಕಣ್ಣ ಮುಂದೆ ಇತ್ತು. ದೂರದಲ್ಲಿ ಅಗ್ನಿಶಾಮಕದ ಸಿವಿಲ್ ಡಿಫೆನ್ಸ್ ಗಾಡಿಯ ಸೈರನ್ ಕೇಳಿಸುವಾಗ ಬಾಗಿಲು ತೆರೆಯಿತು. ಫೆಲಿಕ್ಸ್ ಒಂದು ಕೈಯಿಂದ ಗೋಡೆ ಸವರುತ್ತ, ಕುರುಡನ ಹಾಗೆ ನಡೆದು ಬಂದ. ಮುಖವಾಡ ಕಿತ್ತೆಸೆದು ಮಣ್ಣಿನಲ್ಲಿ ಕೂತ. ಅವನ ತಲೆಯನ್ನು ನನ್ನ ತೊಡೆಯ ಮೇಲೆ ವಾರೆಯಾಗಿ ಇಟ್ಟುಕೊಂಡು, ರೆಪ್ಪೆ ಬಿಡಿಸಿ ಹಿಡಿದು, ಒಂದಾದ ಮೇಲೊಂದು ಕುಡಿಯುವ ನೀರಿನ ಬಾಟಲಿ ಸುರಿದೆ. ಇಕ್ಬಾಲ್ ಬಾಟಲಿ ತೆರೆದು ತೆರೆದು ಕೊಡುತ್ತಿದ್ದ. ಕಣ್ಣಿನ ಕಪ್ಪು ಕಪ್ಪಾಗಿಯೇ ಇತ್ತು. ಅದನ್ನು ಮತ್ತೆ ಮತ್ತೆ ನೋಡಿದೆ.

"ಆಟ ನಿಲ್ಲಿಸಿದ್ದು ಯಾರು?" ಅಂತ ಕೇಳಿದ. ದನಿ ಗೊಗ್ಗರಾಗಿತ್ತು.

"ನಾನು ಹೇಳಿದೆ."

ನೀರು ಸುರಿಯುವುದನ್ನು ನಾನು ನಿಲ್ಲಿಸಲಿಲ್ಲ.

ಅವನನ್ನು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಆ ಎರಡು ದಿನ ಆಟವೂ ನಿಂತಿತ್ತು. ಹೊರಗಿನಿಂದ ಬಂದ ತಂತ್ರಜ್ಞರು ಬಿಚ್ಚಿಟ್ಟಿದ್ದ ಚಿಕ್ಕ ಕಂಪ್ರೆಸರನ್ನು ಒಂದೂವರೆ ದಿನದಲ್ಲಿ ಜೋಡಿಸಿ ನಡೆಸಿದರು. ಅಷ್ಟೇ ಸಾಕಾಗಿತ್ತು ಅಂತ ಕೇಳಿದಾಗ ನನಗೆ ಸಿಟ್ಟು ಬರುವ ಬದಲು ಸುಸ್ತಾಯಿತು. ಐಲೀನ್ ಬಾಗಿಲು ಮುಚ್ಚಿಸಿ, ದೀಪ ಆರಿಸಿ ಉಳಿಸಿಕೊಂಡಿದ್ದ ಐಸಿನ ಮೇಲೆ ಮತ್ತೆ ನೀರು ಹಾಯಿಸಿ ಹದ ಮಾಡಿದರು. ಉಳಿದ ಪಂದ್ಯಗಳು ಒತ್ತೊತ್ತಾಗಿ ನಡೆದು, ಫೈನಲ್ಲೂ ಮುಗಿಯಿತು. ಗೆದ್ದವರು ಯಾರು ಅಂತ ನಾನು ಇವತ್ತಿಗೂ ನೋಡಿಲ್ಲ.

ನಮ್ಮ ಭಯ ಆಮೇಲೆ ಮನೆಯೊಳಗೆ ಬಂತು. ಫೆಲಿಕ್ಸ್‌ನನ್ನು ವಿಚಾರಣೆಗೆ ಕರೆದರು, ಪಾಸ್‌ಪೋರ್ಟ್ ತೆಗೆದುಕೊಂಡು ಬಾ ಅಂದರು. ತನಗೆ ಯಾರೂ ಏನೂ ಹೇಳಿರಲಿಲ್ಲ, ಹಾಳೆಗಳಲ್ಲಿ ಎಲ್ಲವೂ ಸರಿಯಿತ್ತು ಅಂತ ಎಂಜಿನಿಯರ್ ಬರೆದುಕೊಟ್ಟಿದ್ದ. ಹಾಳೆಗಳು ಅಲ್ಲಿ ಮೇಜಿನ ಮೇಲಿದ್ದವು, ಫೆಲಿಕ್ಸ್‌ನ ಸಹಿಯೂ ಇತ್ತು. ಹೊರಡುವ ದಿನ ಅವನು ತನ್ನ ಎಟಿಎಂ ಕಾರ್ಡು ಮತ್ತು ಅದರ ನಂಬರು ಬರೆದ ಚೀಟಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಹೋದ. ಬುಧವಾರದಿಂದ ಅವನು ನನ್ನ ಜೊತೆ ಅಗತ್ಯಕ್ಕಿಂತ ಒಂದು ಪದ ಹೆಚ್ಚು ಆಡಿರಲಿಲ್ಲ. ಆ ಚೀಟಿಯನ್ನು ನೋಡುತ್ತ ನಾನು ಸಂಜೆಯವರೆಗೆ ಕೂತಿದ್ದೆ.

ಸಂಜೆ ಬಂದ. ಒಳಗೆ ಏನಾಯಿತು ಅಂತ ನನಗೆ ಹೇಳಿದ್ದು ಇಕ್ಬಾಲ್. ಸಹಿ ನನ್ನದೇ, ಸುಳ್ಳು ಅಂತ ಗೊತ್ತಿದ್ದೇ ಹಾಕಿದ್ದು, ಕೆಲಸ ಹೋಗುತ್ತದೆ ಅಂತ ಹೆದರಿ ಹಾಕಿದ್ದು ಅಂತ ಫೆಲಿಕ್ಸ್ ಮೊದಲಿಗೇ ಹೇಳಿಬಿಟ್ಟನಂತೆ. ಅದನ್ನು ಕೇಳಿ ಇಕ್ಬಾಲನೂ ಹಾಗೇ ಹೇಳಿದ. ಎಂಜಿನಿಯರಿಗೆ ಇವರು ಆಗಸ್ಟಿನಿಂದ ಕಳಿಸಿದ್ದ ಮೆಸೇಜುಗಳು ಫೋನಿನಲ್ಲಿ ಉಳಿದಿದ್ದವು. ಮೂರು ವಾರ ಕಾದೆವು. ಕೊನೆಗೆ ಯಾರ ಜೀವಕ್ಕೂ ಅಪಾಯ ಆಗಿಲ್ಲ, ತಾವಾಗಿ ಒಪ್ಪಿಕೊಂಡಿದ್ದಾರೆ ಅಂತ ಇವರಿಬ್ಬರನ್ನು ಕೇಸಿನಿಂದ ಬಿಟ್ಟರು. ಎಂಜಿನಿಯರನನ್ನು ಕೆಲಸದಿಂದ ತೆಗೆದರು. ಇವರ ಕೆಲಸವೂ ಹೋಯಿತು. ಇಕ್ಬಾಲ್ ಊರಿಗೆ ಹೊರಟ. ಅವನ ಹೆಂಡತಿಗೆ ಹೆರಿಗೆಯ ದಿನ ಹತ್ತಿರ ಬಂದಿತ್ತು, ಈಗ ಉಳ್ಳಾಲದಲ್ಲಿ ಫ್ರಿಜ್ಜು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ನಾನು ಕ್ಲಿನಿಕ್ಕಿನವರ ಕೈಕಾಲು ಹಿಡಿದು ಕಾಗದ ಮಾಡಿಸಿ ರಿಯಾಳ ವೀಸಾವನ್ನು ನನ್ನ ಹೆಸರಿಗೆ ಹಾಕಿಸಿಕೊಂಡೆ. ಫೆಲಿಕ್ಸ್‌ಗೆ ಶಾರ್ಜಾದ ಒಂದು ಶಾಲೆಯಲ್ಲಿ ಏಸಿ ನೋಡಿಕೊಳ್ಳುವ ಕೆಲಸ ಸಿಕ್ಕಿದ್ದು ಎಷ್ಟೋ ಸಮಯದ ನಂತರ. ಸಂಬಳ ಕಡಿಮೆ, ಕೆಮ್ಮು ಇಲ್ಲ.

ನವೆಂಬರಿನ ಒಂದು ಶುಕ್ರವಾರ, ಫೆಲಿಕ್ಸ್ ಇನ್ನೂ ಕೆಲಸ ಹುಡುಕುತ್ತಿದ್ದಾಗ, ರಿಯಾ ಮಧ್ಯಾಹ್ನ ಶಾಲೆಯಿಂದ ಬಂದವಳು ಬ್ಯಾಗು ಇಳಿಸದೆ ಅಡುಗೆಮನೆಯ ಬಾಗಿಲಿನಲ್ಲಿ ನಿಂತಳು. ಆ ದಿನ ಸೋರಿದ್ದು ವಿಷದ ಗ್ಯಾಸು ಅಂತ ನಿಧಿಯ ಅಮ್ಮ ಎಲ್ಲಿಂದಲೋ ಕೇಳಿ ತಿಳಿದುಕೊಂಡಿದ್ದರು. ಆಟ ನಿಲ್ಲಿಸಿದ್ದು ನಾನು ಅಂತಲೂ ಗೊತ್ತಾಗಿ, ನಿನ್ನ ಮಮ್ಮನಿಗೆ ಥ್ಯಾಂಕ್ಸ್ ಹೇಳು ಅಂತ ರಿಯಾಳ ಹತ್ತಿರ ಹೇಳಿ ಕಳಿಸಿದ್ದರು. ರಿಯಾ ಥ್ಯಾಂಕ್ಸ್ ಹೇಳಲಿಲ್ಲ.

"ನನಗೆ ಜ್ವರ ಇರಲಿಲ್ಲ," ಅಂದಳು. "ಮಮ್ಮಾ, ಯು ನ್ಯೂ. ಬೆಳಿಗ್ಗೆಯೇ ಗೊತ್ತಿತ್ತು."

ಸುಳ್ಳು ಹೇಳಲು ನನಗೆ ಒಂದು ಗಳಿಗೆ ಸಮಯವಿತ್ತು.

"ಹೌದು," ಅಂದೆ.

"ನಿಧಿ ಹೋಗ್ತಾಳೆ ಅಂತಲೂ ಗೊತ್ತಿತ್ತು."

"ಗೊತ್ತಿತ್ತು. ಕೆಳಗೆ ಸಿಕ್ಕಿದ್ದಳು. ಮಾತಾಡಿಸಿದೆ."

ಅವಳು ನನ್ನನ್ನು ನೋಡಿದ ಬಗೆಯನ್ನು ವಿವರಿಸಲು ನನ್ನಿಂದ ಆಗುವುದಿಲ್ಲ. ಅಷ್ಟು ತಿಂಗಳು ನಾನು ಗ್ಯಾಸಿಗೆ ಹೆದರಿದ್ದೆ, ಪೊಲೀಸರಿಗೆ ಹೆದರಿದ್ದೆ. ಹದಿನಾಲ್ಕು ವರ್ಷದ ಮಗಳ ಮುಂದೆ ನಿಂತಾಗ ಆದ ಹೆದರಿಕೆ ಅವೆರಡಕ್ಕಿಂತ ದೊಡ್ಡದಾಗಿತ್ತು.

ಹಾಲ್‌ನಲ್ಲಿ ಕೆಲಸದ ಅರ್ಜಿ ತುಂಬುತ್ತಿದ್ದ ಫೆಲಿಕ್ಸ್ ಎದ್ದು ಬಂದ. ಅವಳ ಹೆಗಲಿನಿಂದ ಬ್ಯಾಗು ತೆಗೆದು ಕೆಳಗಿಟ್ಟ.

"ನಿನ್ನನ್ನು ಮನೆಯಲ್ಲಿ ಇರಿಸು ಅಂದದ್ದು ನಾನು," ಅಂದ. "ಮಮ್ಮನನ್ನು ಬೈಬೇಡ."

"ಇರಿಸಿದ್ದು ನಾನು," ಅಂದೆ.

ಆ ಮಾತಿಗೆ ಅವನು ನನ್ನ ಕಡೆ ತಿರುಗಿದ. ಒಂದು ತಿಂಗಳಾಗಿತ್ತು ನಾವು ಮುಖಕ್ಕೆ ಮುಖ ಕೊಟ್ಟು. ರಿಯಾ, ನಿಧಿಗೆ ನಾನೇ ಹೇಳ್ತೇನೆ ಅಂತ, ಇಬ್ಬರನ್ನೂ ದಾಟಿ ಹೊರಗೆ ಹೋಗಿ, ಮೆಟ್ಟಿಲಿಳಿದು ನಿಧಿಯ ಮನೆಯ ಬೆಲ್ಲು ಒತ್ತಿದಳು. ಮೂರನೇ ಮಹಡಿಯ ಆ ಬಾಗಿಲು ತೆರೆದುಕೊಂಡ ಸದ್ದು ನಮಗೆ ಮೇಲಿನವರೆಗೂ ಕೇಳಿಸಿತು.